ಮೊದಲು ಯಾರ ಮಂತ್ರ?

ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ ಧಾರಾವಾಹಿಯನ್ನು ನೋಡಿದವರಿಗೆ ಅದರ ಯುದ್ಧದ ದೃಶ್ಯಗಳು ಮರೆತಿರಲಾರವು. 1988ರಿಂದ 1990ರವರೆಗೆ ಭಾನುವಾರದ ಬೆಳಿಗ್ಗೆ ದೂರದರ್ಶನದಲ್ಲಿ ಬರುತ್ತಿದ್ದ ಧಾರಾವಾಹಿ ಅದು. ಆ ಕಡೆಯಿಂದ ಒಂದು ಬಾಣ ಹೊರಡುತ್ತದೆ, ಈ ಕಡೆಯಿಂದ ಇನ್ನೊಂದು. ಎರಡೂ ತೇಲಿಬಂದು ನಡು ಆಕಾಶದಲ್ಲಿ ಎದುರುಬದುರಾಗುತ್ತವೆ. ಒಂದು ಉಳಿಯುತ್ತದೆ, ಇನ್ನೊಂದು ಆರಿಹೋಗುತ್ತದೆ. ಆಗ್ನೇಯಾಸ್ತ್ರಕ್ಕೆ ವಾರುಣಾಸ್ತ್ರ, ನಾಗಾಸ್ತ್ರಕ್ಕೆ ಗರುಡಾಸ್ತ್ರ. ಬೆಂಕಿ ಹೊರಟ ಮೇಲೆ ಮಳೆ ತರಿಸುವಷ್ಟು ಹೊತ್ತು ಎದುರಾಳಿಗೆ ಸಿಕ್ಕಿದ್ದು ಹೇಗೆ ಎಂದು ಯಾರೂ ಕೇಳುವುದಿಲ್ಲ. ಕಥೆಯಲ್ಲಿ ಕೇಳಬೇಕಾದ್ದೂ ಇಲ್ಲ. ಯಾರು ಗೆಲ್ಲಬೇಕೆಂಬುದು ಕವಿಗೆ ಮೊದಲೇ ಗೊತ್ತಿರುತ್ತದೆ.

ಆಟದಲ್ಲಿ ಅದು ನಡೆಯುವುದಿಲ್ಲ. ಮೇಜಿನ ಎರಡು ಬದಿಯಲ್ಲಿ ಇಬ್ಬರು ಕೂತಿದ್ದಾರೆ. ಒಬ್ಬಳ ಮಾಂತ್ರಿಕ ಬೆಂಕಿಯ ಉಂಡೆ ಎಸೆಯುತ್ತಾನೆ, ಇನ್ನೊಬ್ಬನ ಮಾಂತ್ರಿಕ ಅದೇ ಹೊತ್ತಿಗೆ ರಕ್ಷಾಕವಚದ ಮಂತ್ರ ಹೇಳುತ್ತಾನೆ. ಕವಚ ಮೊದಲು ಮೂಡಿದರೆ ಬೆಂಕಿ ವ್ಯರ್ಥ. ಬೆಂಕಿ ಮೊದಲು ತಾಗಿದರೆ ಕವಚ ಹೇಳಲು ಮಾಂತ್ರಿಕನೇ ಉಳಿದಿಲ್ಲ. ಮಂತ್ರಗಳು ಅವೇ, ಮಾಂತ್ರಿಕರು ಅವರೇ. ಕ್ರಮ ಬದಲಾದರೆ ಗೆದ್ದವರು ಬದಲಾಗುತ್ತಾರೆ. ಇಲ್ಲಿ ತೀರ್ಪು ಕೊಡಲು ಕವಿ ಇಲ್ಲ. ನಿಯಮ ಬರೆದವರು ಮುಂಚೆಯೇ ಯೋಚಿಸಿ ಇಟ್ಟಿರಬೇಕು.

ಸರದಿಯ ಪ್ರಕಾರ ಆಡುವ ತಂತ್ರದ ಆಟಗಳು, ಅಂದರೆ ಟರ್ನ್-ಬೇಸ್ಡ್ ಸ್ಟ್ರ್ಯಾಟಜಿ ಗೇಮುಗಳು, ಚದುರಂಗದ ದೂರದ ನೆಂಟರು. ಸೇನೆ, ನಗರ, ಗಣಿ, ಮಾಂತ್ರಿಕರು ಎಲ್ಲ ಇದ್ದರೂ ಬೇರು ಅಲ್ಲಿಯೇ ಇದೆ: ನೀನೊಂದು ನಡೆ, ನಾನೊಂದು ನಡೆ. ಈ ಆಟಗಳಲ್ಲಿ ಮಂತ್ರ ಹೇಳುವ ಕ್ರಮವನ್ನು ಹೇಗೆ ನಿರ್ಧರಿಸುತ್ತಾರೆ ಎಂಬುದು ಮೇಲ್ನೋಟಕ್ಕೆ ಸಣ್ಣ ತಾಂತ್ರಿಕ ವಿವರ. ಅದರ ಚರಿತ್ರೆ ಹಿಡಿದು ಹೋದರೆ ಮಾತ್ರ ಅದು ನ್ಯಾಯದ ಪ್ರಶ್ನೆಯಾಗಿಬಿಡುತ್ತದೆ. ಇನ್ನೂರು ವರ್ಷಗಳಿಂದ ಆಟ ಕಟ್ಟುವವರು ಅದಕ್ಕೆ ಉತ್ತರ ಹುಡುಕುತ್ತಲೇ ಇದ್ದಾರೆ.

ಪ್ರಷ್ಯಾದ ಮೇಜು

ಮೊದಲು ನಡೆ ಇಟ್ಟವರಿಗೆ ಲಾಭವಿದೆ ಎಂಬುದು ಹಳೆಯ ಆಟಗಳಿಗೂ ಗೊತ್ತಿದ್ದ ಸತ್ಯ. ಚದುರಂಗದಲ್ಲಿ ಬಿಳಿ ಕಾಯಿಯವರು ಕಪ್ಪಿನವರಿಗಿಂತ ತುಸು ಹೆಚ್ಚು ಗೆಲ್ಲುತ್ತಾರೆ. ಅದಕ್ಕೆ ಚದುರಂಗ ಕಂಡುಕೊಂಡ ಪರಿಹಾರ ಸರಳ: ಇವತ್ತು ನಿನಗೆ ಬಿಳಿ, ನಾಳೆ ನನಗೆ. ಪೂರ್ವ ಏಷ್ಯಾದ ಗೋ ಆಟ ಇನ್ನೂ ನೇರವಾಗಿ ವ್ಯಾಪಾರಕ್ಕೇ ಇಳಿಯಿತು. ಮೊದಲು ಆಡುವ ಕಪ್ಪಿನವರ ಲಾಭಕ್ಕೆ ಬೆಲೆ ಕಟ್ಟಿ, ಅಷ್ಟು ಅಂಕಗಳನ್ನು ಬಿಳಿಯವರಿಗೆ ಮೊದಲೇ ಕೊಟ್ಟುಬಿಡುತ್ತಾರೆ. ಅದಕ್ಕೆ ಕೋಮಿ ಎಂದು ಹೆಸರು. ಜಪಾನಿನಲ್ಲಿ ಐದೂವರೆ ಇದ್ದ ಕೋಮಿ 2002ರಲ್ಲಿ ಆರೂವರೆ ಆಯಿತು. ಮೊದಲ ನಡೆಯ ಬೆಲೆಯನ್ನು ತಾವು ಕಡಿಮೆ ಅಂದಾಜು ಮಾಡಿದ್ದೆವು ಎಂದು ಅವರು ಒಪ್ಪಿಕೊಂಡ ಹಾಗೆ.

ಚದುರಂಗದಲ್ಲಿ ಒಂದು ನಡೆಗೆ ಒಂದೇ ಕಾಯಿ ಕದಲುವುದರಿಂದ ಈ ಲಾಭ ಸಣ್ಣದು. ಒಂದೇ ಸರದಿಯಲ್ಲಿ ಇಡೀ ಸೇನೆ ಗುಂಡು ಹಾರಿಸುವಂತಾದರೆ? ಎದುರಾಳಿಯ ಸರದಿ ಬರುವ ಹೊತ್ತಿಗೆ ಅವನ ಅರ್ಧ ಸೇನೆ ಮಲಗಿರುತ್ತದೆ. 1824ರಲ್ಲಿ ಪ್ರಷ್ಯಾದ ಸೈನ್ಯಾಧಿಕಾರಿ ಕಿರಿಯ ರೈಸ್ವಿಟ್ಸ್, ತನ್ನ ತಂದೆ ಶುರುಮಾಡಿದ್ದ ಯುದ್ಧದ ಆಟವನ್ನು ತಿದ್ದಿ ‘ಕ್ರೀಗ್ಸ್‌ಸ್ಪೀಲ್’ ಎಂಬ ಹೆಸರಿನಲ್ಲಿ ಹೊರತಂದಾಗ ಈ ತೊಡಕಿಗೆ ಒಂದು ಉತ್ತರ ಕೊಟ್ಟ. ಆಡುವವರು ಕಾಯಿಗಳನ್ನು ಮುಟ್ಟುವಂತಿಲ್ಲ. ಇಬ್ಬರೂ ತಮ್ಮ ತಮ್ಮ ಆಜ್ಞೆಗಳನ್ನು ಚೀಟಿಯಲ್ಲಿ ಬರೆದು ಮಧ್ಯಸ್ಥನಿಗೆ ಕೊಡಬೇಕು. ಆತ ಎರಡೂ ಚೀಟಿಗಳನ್ನು ಓದಿ, ಎರಡು ನಿಮಿಷದ ಯುದ್ಧದಲ್ಲಿ ಏನಾಗಬಹುದೋ ಅದನ್ನು ನಕ್ಷೆಯ ಮೇಲೆ ನಡೆಸುತ್ತಾನೆ, ಅನಿಶ್ಚಿತವಾದ ಕಡೆ ದಾಳ ಎಸೆಯುತ್ತಾನೆ. ಮೊದಲು ಯಾರು ಎಂಬ ಪ್ರಶ್ನೆಯೇ ಇಲ್ಲ, ಇಬ್ಬರೂ ಒಟ್ಟಿಗೆ. ಪ್ರಷ್ಯಾದ ಸೇನೆ ಇದನ್ನು ತನ್ನ ಅಧಿಕಾರಿಗಳ ತರಬೇತಿಗೆ ಬಳಸಿತು. ಆಟ ನಡೆಯುತ್ತಿದ್ದುದು ಮಧ್ಯಸ್ಥನ ಮೇಲಿನ ನಂಬಿಕೆಯಿಂದ.

ಮನೆಯಲ್ಲಿ ಆಡುವವರಿಗೆ ಮಧ್ಯಸ್ಥನಾಗಲು ಒಪ್ಪುವ ಮೂರನೆಯವನು ಸಿಗುವುದು ಕಷ್ಟ. 1913ರಲ್ಲಿ ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್ ‘ಲಿಟಲ್ ವಾರ್ಸ್’ ಎಂಬ ಪುಸ್ತಕದಲ್ಲಿ ಆಟಿಕೆ ಸೈನಿಕರ ಯುದ್ಧಕ್ಕೆ ನಿಯಮ ಬರೆದಾಗ ಹಳೆಯ ಸರದಿ ಪದ್ಧತಿಗೇ ಹೋದ: ಗಡಿಯಾರ ನೋಡಿಕೊಂಡು ಒಬ್ಬರಾದ ಮೇಲೆ ಒಬ್ಬರು. 1959ರಲ್ಲಿ ಅಮೆರಿಕದ ಅಲನ್ ಕ್ಯಾಲ್ಹಾಮರ್ ಹೊರತಂದ ‘ಡಿಪ್ಲೊಮೆಸಿ’ ಮತ್ತೆ ಚೀಟಿಗೆ ಮರಳಿತು. ಏಳು ಜನ ಆಡುವ ಆಟ. ಎಲ್ಲರೂ ಗುಟ್ಟಾಗಿ ಆಜ್ಞೆ ಬರೆಯುತ್ತಾರೆ, ಎಲ್ಲವನ್ನೂ ಒಟ್ಟಿಗೆ ಬಿಚ್ಚುತ್ತಾರೆ. ಮಧ್ಯಸ್ಥ ಬೇಡ, ನಿಯಮವೇ ತೀರ್ಪು ಕೊಡುತ್ತದೆ.

ಆದರೆ ‘ಒಟ್ಟಿಗೆ’ ಎಂದುಬಿಟ್ಟರೆ ಕ್ರಮದ ಜಗಳ ಮುಗಿಯಿತೇ? ಡಿಪ್ಲೊಮೆಸಿಯಲ್ಲೇ ಒಂದು ಹೆಸರಾಂತ ಗಂಟು ಇದೆ. ಒಂದು ಸೇನೆ ತನ್ನ ಹಡಗುಪಡೆಯ ನೆರವಿನಿಂದ ಸಮುದ್ರ ದಾಟಿ ಆಚೆ ದಡದ ಮೇಲೆ ದಾಳಿ ಮಾಡುತ್ತದೆ. ಆ ದಡದಲ್ಲಿರುವ ಶತ್ರುಪಡೆ, ಅದೇ ಹಡಗುಪಡೆಯನ್ನು ಎಬ್ಬಿಸಲು ಬಂದ ತನ್ನ ಸಂಗಾತಿಗೆ ಬೆಂಬಲ ಕೊಡುತ್ತಿದೆ. ದಾಳಿ ದಡ ತಲುಪಿತು ಎಂದುಕೊಳ್ಳಿ: ಬೆಂಬಲ ಮುರಿಯುತ್ತದೆ, ಹಡಗುಪಡೆ ಉಳಿಯುತ್ತದೆ, ಆದ್ದರಿಂದ ದಾಳಿ ತಲುಪಿದ್ದು ಸರಿ. ತಲುಪಲಿಲ್ಲ ಎಂದುಕೊಳ್ಳಿ: ಬೆಂಬಲ ಉಳಿಯುತ್ತದೆ, ಹಡಗುಪಡೆ ಜಾಗ ಕಳೆದುಕೊಳ್ಳುತ್ತದೆ, ಆದ್ದರಿಂದ ದಾಳಿ ತಲುಪದಿದ್ದದ್ದೂ ಸರಿ. ಎರಡು ಉತ್ತರ, ಎರಡೂ ತರ್ಕಬದ್ಧ. ಕೊನೆಗೆ ನಿಯಮಪುಸ್ತಕಕ್ಕೆ ಒಂದು ಸಾಲು ಸೇರಿಸಬೇಕಾಯಿತು: ಹಡಗಿನಲ್ಲಿ ದಾಟಿಬರುವ ಸೇನೆ, ಆ ಹಡಗಿನ ಮೇಲೆಯೇ ನಡೆಯುತ್ತಿರುವ ದಾಳಿಯ ಬೆಂಬಲವನ್ನು ಮುರಿಯಲಾರದು. ಬಾಗಿಲಿನಿಂದ ಆಚೆ ಕಳಿಸಿದ್ದ ಕ್ರಮ ಕಿಟಕಿಯಿಂದ ಒಳಗೆ ಬಂತು.

ಬೆಂಕಿಯ ಉಂಡೆಗೆ ಹದಿನೆಂಟು ಸೆಕೆಂಡು

ಯುದ್ಧದ ಆಟಕ್ಕೆ ಮಂತ್ರ ಕಾಲಿಟ್ಟಿದ್ದು 1971ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರನ್ ಹೊರತಂದ ‘ಚೈನ್‌ಮೇಲ್’ ಎಂಬ ನಿಯಮಪುಸ್ತಕದ ಹಿಂಬದಿಯ ಅನುಬಂಧದಲ್ಲಿ. ಮಧ್ಯಯುಗದ ಯುರೋಪಿನ ಸೈನಿಕರ ಗೊಂಬೆಗಳಿಗಾಗಿ ಬರೆದ ಪುಸ್ತಕ ಅದು. ಅನುಬಂಧದಲ್ಲಿ ಡ್ರ್ಯಾಗನ್‌ಗಳು, ಮಾಂತ್ರಿಕರು ಬಂದರು. ಮಾಂತ್ರಿಕ ಎಸೆಯುವ ಬೆಂಕಿಯ ಉಂಡೆಗೆ ಕಲ್ಲೆಸೆಯುವ ದೊಡ್ಡ ಯಂತ್ರದ ಅಳತೆಯನ್ನೇ ಕೊಟ್ಟರು. ಅಂದರೆ ಆಗ ಮಂತ್ರವೂ ಒಂದು ಬಗೆಯ ಫಿರಂಗಿಯೇ. ಅದೇ ಪುಸ್ತಕ ಸರದಿಯ ವಿಷಯದಲ್ಲಿ ಎರಡು ಪದ್ಧತಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ಆಯ್ಕೆಯನ್ನು ಆಡುವವರಿಗೇ ಬಿಟ್ಟಿತು: ಬೇಕಿದ್ದರೆ ಒಬ್ಬರಾದ ಮೇಲೆ ಒಬ್ಬರು, ಬೇಕಿದ್ದರೆ ಚೀಟಿ ಬರೆದು ಒಟ್ಟಿಗೆ.

ಈ ಅನುಬಂಧದಿಂದಲೇ 1974ರಲ್ಲಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಬೆಳೆಯಿತು. ಅದು ತಂತ್ರದ ಆಟಕ್ಕಿಂತ ಪಾತ್ರ ವಹಿಸುವ ಆಟ. ಆದರೆ ಮುಂದೆ ಬಂದ ಮಾಂತ್ರಿಕ ಆಟಗಳೆಲ್ಲ ಅದರ ಋಣದಲ್ಲಿವೆ. 1970ರ ದಶಕದ ಕೊನೆಗೆ ಬಂದ ಅದರ ವಿಸ್ತೃತ ಆವೃತ್ತಿಯಲ್ಲಿ ಗೈಗ್ಯಾಕ್ಸ್ ಮಂತ್ರಕ್ಕೆ ಗಡಿಯಾರ ಕಟ್ಟಿದ. ಯುದ್ಧದ ಒಂದು ಸುತ್ತು ಒಂದು ನಿಮಿಷ. ಅದರಲ್ಲಿ ಆರಾರು ಸೆಕೆಂಡಿನ ಹತ್ತು ತುಂಡುಗಳು. ಪ್ರತಿ ಮಂತ್ರಕ್ಕೂ ಇಷ್ಟು ತುಂಡು ಎಂದು ಬೆಲೆ. ಸಣ್ಣ ಮಾಯಾಬಾಣಕ್ಕೆ ಒಂದು ತುಂಡು, ಬೆಂಕಿಯ ಉಂಡೆಗೆ ಮೂರು, ಅಂದರೆ ಹದಿನೆಂಟು ಸೆಕೆಂಡು. ಅಷ್ಟರೊಳಗೆ ಯಾರಾದರೂ ಮಾಂತ್ರಿಕನಿಗೆ ಒಂದೇಟು ಹಾಕಿದರೆ ಮಂತ್ರ ಅಲ್ಲೇ ಕೆಟ್ಟಿತು.

ಇದು ಬಹಳ ಜಾಣತನದ ಯೋಚನೆ. ಯಾರು ಮೊದಲು ಎಂಬುದು ಬರೀ ಅದೃಷ್ಟವಾಗದೆ, ನೀವು ಏನನ್ನು ಆರಿಸಿಕೊಂಡಿರಿ ಎಂಬುದರ ಮೇಲೂ ನಿಂತಿತು. ದೊಡ್ಡ ಮಂತ್ರ ಬೇಕಿದ್ದರೆ ಕಾಯಬೇಕು, ಕಾಯುವಾಗ ಏಟು ತಿನ್ನುವ ಅಪಾಯ ಒಪ್ಪಬೇಕು. ಬರೆದ ರೀತಿ ಮಾತ್ರ ಎಷ್ಟು ಗೋಜಲಾಗಿತ್ತೆಂದರೆ ದಾಳ, ತುಂಡು, ಆಯುಧದ ವೇಗ ಇವೆಲ್ಲ ಒಂದಕ್ಕೊಂದು ಹೇಗೆ ಕೂಡುತ್ತವೆ ಎಂದು ಜನ ದಶಕಗಳ ಕಾಲ ವಾದಿಸಿದರು. 1989ರ ಎರಡನೆಯ ಆವೃತ್ತಿ ಅದನ್ನು ಸಲೀಸು ಮಾಡಿತು. ಹತ್ತು ಮುಖದ ದಾಳ ಎಸೆದು ಮಂತ್ರದ ಕಾಲ ಅಥವಾ ಆಯುಧದ ವೇಗದ ಅಂಕಿಯನ್ನು ಕೂಡಿಸಿ. ಯಾರ ಮೊತ್ತ ಕಡಿಮೆಯೋ ಅವರು ಮೊದಲು. ಬೆಂಕಿಯ ಉಂಡೆಗೆ ಮೂರು, ಚೂರಿಗೆ ಎರಡು, ಎರಡು ಕೈಯಲ್ಲಿ ಹಿಡಿಯುವ ಕತ್ತಿಗೆ ಹತ್ತು. 2000ದ ಮೂರನೆಯ ಆವೃತ್ತಿ ಅದನ್ನೂ ಕೈಬಿಟ್ಟು, ಯುದ್ಧದ ಆರಂಭದಲ್ಲಿ ಒಮ್ಮೆ ದಾಳ ಎಸೆದು ಸಾಲು ನಿಗದಿ ಮಾಡಿಬಿಡಿ, ಕೊನೆಯವರೆಗೂ ಅದೇ ಸಾಲು ಎಂದಿತು. ಆಟ ವೇಗವಾಯಿತು. ಬೆಂಕಿಯ ಉಂಡೆಗಾಗಿ ಉಸಿರು ಬಿಗಿಹಿಡಿದು ಕಾಯುವ ಆ ಹದಿನೆಂಟು ಸೆಕೆಂಡು ಹೋಯಿತು.

ಎರಡು ಕೈ, ಒಂದು ಚೀಟಿ

ಅಮೆರಿಕದಲ್ಲಿ ತುಂಡುಗಳ ಲೆಕ್ಕ ನಡೆಯುತ್ತಿದ್ದ ಅದೇ ಕಾಲಕ್ಕೆ ಇಂಗ್ಲೆಂಡಿನ ರಿಚರ್ಡ್ ಬಾರ್ಟಲ್ ಬೇರೆಯದೇ ದಾರಿ ಹಿಡಿದ. ಮುಂದೆ ರಾಯ್ ಟ್ರಬ್‌ಶಾ ಜೊತೆಗೂಡಿ ಜಗತ್ತಿನ ಮೊದಲ ಸಾಮೂಹಿಕ ಕಂಪ್ಯೂಟರ್ ಸಾಹಸಲೋಕ ‘ಮಡ್’ ಕಟ್ಟಿದ ಅದೇ ಬಾರ್ಟಲ್. 1977ರಲ್ಲಿ ಆತ ಕಾಗದ-ಪೆನ್ಸಿಲಿನ ಒಂದು ಆಟ ಹೊರತಂದ. ‘ಸ್ಪೆಲ್‌ಬೈಂಡರ್’ ಎಂಬ ಆ ಆಟ ಈಗ ‘ವೇವಿಂಗ್ ಹ್ಯಾಂಡ್ಸ್’ ಎಂಬ ಹೆಸರಿನಿಂದಲೇ ಹೆಚ್ಚು ಪ್ರಸಿದ್ಧ.

ಇದರಲ್ಲಿ ಹಲಗೆ ಇಲ್ಲ, ದಾಳ ಇಲ್ಲ, ಕಾಯಿ ಇಲ್ಲ. ಮಾಂತ್ರಿಕರು ಎದುರುಬದುರು ನಿಂತಿದ್ದಾರೆ. ಪ್ರತಿ ಸರದಿಯಲ್ಲೂ ಎರಡು ಕೈಗಳಿಗೆ ಒಂದೊಂದು ಮುದ್ರೆಯನ್ನು ಗುಟ್ಟಾಗಿ ಬರೆದು ಒಟ್ಟಿಗೆ ತೋರಿಸಬೇಕು: ಅಂಗೈ ಚಾಚುವುದು, ಚಿಟಿಕೆ ಹೊಡೆಯುವುದು, ಕೈ ಬೀಸುವುದು, ಬೆರಳು ತೋರುವುದು, ಚಪ್ಪಾಳೆ ತಟ್ಟುವುದು ಹೀಗೆ. ಒಂದು ಕೈಯಲ್ಲಿ ಮುದ್ರೆಗಳು ನಿರ್ದಿಷ್ಟ ಕ್ರಮದಲ್ಲಿ ಬಂದರೆ ಮಂತ್ರ ಪೂರ್ತಿಯಾಗುತ್ತದೆ. ಕವಚಕ್ಕೆ ಒಂದೇ ಮುದ್ರೆ ಸಾಕು, ಬೆಂಕಿಯ ಉಂಡೆಗೆ ಐದು ಬೇಕು, ಮರಣಮಂತ್ರಕ್ಕೆ ಎಂಟು. ನಮ್ಮ ಭರತನಾಟ್ಯ, ಕಥಕ್ಕಳಿ ನೋಡಿದವರಿಗೆ ಹಸ್ತಮುದ್ರೆಯೇ ಮಾತಾಗುವುದು ಹೊಸದಲ್ಲ. ಇಲ್ಲಿ ಅದು ಆಯುಧ.

ಇದರ ಸೊಗಸು ಇರುವುದು ಎದುರಾಳಿಗೆ ನಿಮ್ಮ ಹಿಂದಿನ ಮುದ್ರೆಗಳೆಲ್ಲ ಕಾಣುತ್ತವೆ ಎಂಬುದರಲ್ಲಿ. ನಾಲ್ಕು ಮುದ್ರೆ ಮುಗಿಸಿ ಐದನೆಯದಕ್ಕೆ ಕೈ ಎತ್ತುವಾಗ ಬೆಂಕಿ ಬರಲಿದೆ ಎಂದು ಅವನಿಗೂ ಗೊತ್ತು. ಅವನು ಪ್ರತಿಮಂತ್ರಕ್ಕೆ ಸಿದ್ಧನಾಗುತ್ತಾನೆ ಎಂದು ನಿಮಗೂ ಗೊತ್ತು. ಆಗ ನೀವು ಐದನೆಯ ಮುದ್ರೆಯನ್ನು ಬದಲಿಸಿ ಬೇರೆ ಮಂತ್ರಕ್ಕೆ ತಿರುಗಿಸಬಹುದು. ಒಂದೇ ಸರದಿಯಲ್ಲಿ ಒಬ್ಬ ಬೆಂಕಿಯ ಬಿರುಗಾಳಿಯನ್ನೂ ಇನ್ನೊಬ್ಬ ಹಿಮದ ಬಿರುಗಾಳಿಯನ್ನೂ ಎಬ್ಬಿಸಿದರೆ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಇಲ್ಲಿ ಮೊದಲು-ಆಮೇಲೆ ಎಂಬುದು ಸೆಕೆಂಡಿನ ಲೆಕ್ಕವಲ್ಲ. ಯಾರು ಎಷ್ಟು ಮುಂಚೆ ಮನಸ್ಸು ಬಿಚ್ಚಿ ತೋರಿಸಬೇಕಾಯಿತು ಎಂಬ ಲೆಕ್ಕ.

ಕಂಪ್ಯೂಟರಿಗೆ ಈ ಬಗೆಯ ದ್ವಂದ್ವ ಬಂದಾಗ ಮಧ್ಯಮಮಾರ್ಗವೂ ಬಂತು. 1985ರಲ್ಲಿ ಜೂಲಿಯನ್ ಗೊಲಪ್, ಸ್ಪೆಕ್ಟ್ರಮ್ ಎಂಬ ಆ ಕಾಲದ ಪುಟ್ಟ ಕಂಪ್ಯೂಟರಿಗಾಗಿ ‘ಕೇಯಾಸ್’ ಬರೆದ. ಎಂಟು ಮಾಂತ್ರಿಕರವರೆಗೆ ಆಡಬಹುದು. ಮೊದಲು ಎಲ್ಲರೂ ತಮ್ಮ ಮಂತ್ರ ಆರಿಸಿಟ್ಟುಕೊಳ್ಳುತ್ತಾರೆ, ಆಮೇಲೆ ಒಬ್ಬೊಬ್ಬರಾಗಿ ಹೇಳುತ್ತಾರೆ, ಆಮೇಲೆ ನಡೆಯುತ್ತಾರೆ. ಆಯ್ಕೆ ಒಟ್ಟಿಗೆ, ಫಲ ಸಾಲಾಗಿ. ಹೇಳಿದ ಮಂತ್ರಗಳು ಇಡೀ ಲೋಕವನ್ನು ಧರ್ಮದ ಕಡೆಗೋ ಅರಾಜಕತೆಯ ಕಡೆಗೋ ವಾಲಿಸುತ್ತವೆ, ಮುಂದೆ ಬರುವ ಮಂತ್ರಗಳು ಫಲಿಸುವ ಸಂಭವ ಅದರಂತೆ ಏರಿಳಿಯುತ್ತದೆ. ನನಗಿಂತ ಮುಂಚೆ ಮಂತ್ರ ಹೇಳಿದವನು ನನ್ನ ಕೆಲಸವನ್ನು ಕೆಡಿಸಲೂಬಹುದು, ಸುಲಭ ಮಾಡಿಕೊಡಲೂಬಹುದು.

ಕೊನೆಯದು ಮೊದಲು

1993ರಲ್ಲಿ ರಿಚರ್ಡ್ ಗಾರ್ಫೀಲ್ಡ್ ಅವರ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬ ಇಸ್ಪೀಟು ಮಾದರಿಯ ಆಟ ಬಂದಾಗ ಪ್ರಶ್ನೆ ಇನ್ನಷ್ಟು ಬಿಗಿಯಾಯಿತು. ಎದುರಾಳಿಯ ಸರದಿಯ ನಡುವೆಯೇ ಬಾಯಿ ಹಾಕಬಲ್ಲ ಮಂತ್ರಗಳು ಅದರಲ್ಲಿದ್ದವು. ನಾನು ಮಿಂಚು ಎಸೆದೆ, ನೀನು ಅದಕ್ಕೆ ಅಡ್ಡ ಹೇಳಿದೆ, ನಾನು ನಿನ್ನ ಅಡ್ಡಕ್ಕೆ ಅಡ್ಡ ಹೇಳಿದೆ. ಯಾವುದು ಮೊದಲು ಫಲಿಸಬೇಕು? ಮೊದಲ ವರ್ಷಗಳಲ್ಲಿ ಮಂತ್ರಗಳಲ್ಲೇ ವೇಗದ ದರ್ಜೆಗಳಿದ್ದವು. ಕೆಲವು ಉಳಿದವಕ್ಕಿಂತ ಚುರುಕು. ಆ ನಿಯಮಗಳು ಆಡುವವರಿಗೆ ತಲೆನೋವಾಗಿದ್ದವು.

1999ರ ಆರನೆಯ ಆವೃತ್ತಿ ಆ ದರ್ಜೆಗಳನ್ನು ತೆಗೆದುಹಾಕಿ ಒಂದೇ ನಿಯಮ ತಂದಿತು. ಅದಕ್ಕೆ ಸ್ಟ್ಯಾಕ್ ಎಂದು ಹೆಸರು. ಮದುವೆಮನೆಯ ತಟ್ಟೆಗಳ ಅಟ್ಟಿ ನೆನೆಸಿಕೊಳ್ಳಿ. ಕೊನೆಗೆ ಇಟ್ಟ ತಟ್ಟೆ ಮೇಲಿರುತ್ತದೆ, ಮೊದಲು ಕೈಗೆ ಸಿಗುವುದೂ ಅದೇ. ಮಂತ್ರಗಳೂ ಹಾಗೆಯೇ: ಹೇಳಿದ ಮಂತ್ರ ತಕ್ಷಣ ಫಲಿಸದೆ ಅಟ್ಟಿಯ ಮೇಲೆ ಕೂರುತ್ತದೆ, ಎದುರಾಳಿ ಅದರ ಮೇಲೆ ತನ್ನದನ್ನು ಇಡಬಹುದು. ಇನ್ನು ಯಾರೂ ಏನೂ ಇಡುವುದಿಲ್ಲ ಎಂದಾದ ಮೇಲೆ ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಫಲಿಸುತ್ತವೆ.

ಫಲಿತಾಂಶ ನೋಡಿದರೆ ಚದುರಂಗದ ಬುದ್ಧಿ ತಲೆಕೆಳಗಾಗುತ್ತದೆ. ನಿಮ್ಮ ಹತ್ತಿರ ಮೂರು ಏಟು ತಡೆಯಬಲ್ಲ ಒಂದು ಪ್ರಾಣಿ ಇದೆ. ಎದುರಾಳಿ ‘ಲೈಟ್ನಿಂಗ್ ಬೋಲ್ಟ್’ ಎಸೆಯುತ್ತಾನೆ, ಅದರ ಏಟು ಮೂರು. ನೀವು ಅದರ ಮೇಲೆ ‘ಜೈಂಟ್ ಗ್ರೋತ್’ ಇಡುತ್ತೀರಿ. ನಿಮ್ಮದು ಮೊದಲು ಫಲಿಸಿ ಪ್ರಾಣಿ ಬೆಳೆದು ಆರು ಏಟು ತಡೆಯುವಂತಾಗುತ್ತದೆ. ಮಿಂಚು ಬಡಿದರೂ ಬದುಕುತ್ತದೆ. ಈಗ ಕ್ರಮ ಬದಲಿಸಿ. ನೀವು ಆತುರಪಟ್ಟು ಮೊದಲೇ ಬೆಳೆಸಲು ಹೊರಟಿರಿ; ಅವನು ಅದರ ಮೇಲೆ ಮಿಂಚು ಇಟ್ಟ. ಮಿಂಚು ಮೊದಲು ಬಡಿದು ಪ್ರಾಣಿ ಸತ್ತಿತು, ಬೆಳವಣಿಗೆಯ ಮಂತ್ರಕ್ಕೆ ಬೆಳೆಸಲು ಏನೂ ಇಲ್ಲ. ಎರಡು ಸಲವೂ ಕೊನೆಗೆ ಮಾತಾಡಿದವನೇ ಗೆದ್ದ. ಈ ವ್ಯವಸ್ಥೆಯಲ್ಲಿ ತಾಳ್ಮೆಗೇ ಬೆಲೆ. ಅಸ್ತ್ರ ಹೊರಟ ಮೇಲೂ ಪ್ರತ್ಯಸ್ತ್ರಕ್ಕೆ ಸಮಯ ಸಿಗುತ್ತಿದ್ದ ನಮ್ಮ ಪುರಾಣದ ಯುದ್ಧಗಳಿಗೆ ಇಷ್ಟು ಹತ್ತಿರ ಬಂದ ನಿಯಮ ಇನ್ನೊಂದಿಲ್ಲವೇನೋ.

ವೇಗ ಇದ್ದವರದೇ ರಾಜ್ಯ

ಸೇನೆ-ನಗರಗಳ ದೊಡ್ಡ ಕಂಪ್ಯೂಟರ್ ಆಟಗಳಲ್ಲಿ ಎದುರಾಳಿಯನ್ನು ಪ್ರತಿ ಮಂತ್ರಕ್ಕೂ ‘ಅಡ್ಡ ಹೇಳುತ್ತೀಯಾ?’ ಎಂದು ಕೇಳುತ್ತ ಕೂತರೆ ಆಟ ಮುಗಿಯುವುದೇ ಇಲ್ಲ. ಅವು ಬೇರೆ ದಾರಿ ಹಿಡಿದವು. 1994ರಲ್ಲಿ ಸಿಮ್‌ಟೆಕ್ಸ್ ಕಟ್ಟಿ ಮೈಕ್ರೋಪ್ರೋಸ್ ಪ್ರಕಟಿಸಿದ ‘ಮಾಸ್ಟರ್ ಆಫ್ ಮ್ಯಾಜಿಕ್’ ಕ್ರಮವನ್ನು ಅರ್ಥಶಾಸ್ತ್ರವಾಗಿಸಿತು. ಮಾಂತ್ರಿಕನಿಗೆ ಒಂದು ಸರದಿಗೆ ಇಷ್ಟೇ ಶಕ್ತಿ ಸುರಿಯಬಹುದು ಎಂಬ ಮಿತಿ. ದೊಡ್ಡ ಮಂತ್ರಕ್ಕೆ ಹಲವು ಸರದಿಗಳ ಕಂತು ಕಟ್ಟಬೇಕು. ಆ ಕಂತು ಮುಗಿಯುವ ಮೊದಲೇ ಎದುರಾಳಿ, ನೀವು ಅಲ್ಲಿಯವರೆಗೆ ಸುರಿದಷ್ಟೇ ಶಕ್ತಿಯನ್ನು ತಾನೂ ಸುರಿದು ನಿಮ್ಮ ಮಂತ್ರವನ್ನು ಹೊಸಕಿಹಾಕುವ ಮಂತ್ರವೂ ಇತ್ತು. ಇನ್ನೊಂದು ಅಪರೂಪದ ಮಂತ್ರ ಕಾಲವನ್ನೇ ನಿಲ್ಲಿಸುತ್ತಿತ್ತು. ಶಕ್ತಿ ಇರುವವರೆಗೆ ಹೇಳಿದವನಿಗೆ ಮಾತ್ರ ಸರದಿ ಬರುತ್ತಿತ್ತು. ಸರದಿಯ ಕ್ರಮವೇ ಇಲ್ಲಿ ಮಂತ್ರದ ಗುರಿ.

ಇದರ ನಿಜವಾದ ಗಣಿತ ನೋಡಬೇಕಿದ್ದರೆ 1999ರ ‘ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3’ ಕಡೆ ತಿರುಗಬೇಕು. ನ್ಯೂ ವರ್ಲ್ಡ್ ಕಂಪ್ಯೂಟಿಂಗ್ ಕಟ್ಟಿದ ಈ ಆಟವನ್ನು ಜನ ಇವತ್ತಿಗೂ ಆಡುತ್ತಾರೆ. ಒಂದೇ ಕಂಪ್ಯೂಟರಿನ ಮುಂದೆ ಗೆಳೆಯರು ಸರದಿಯಂತೆ ಕುರ್ಚಿ ಬಿಟ್ಟುಕೊಡುತ್ತ ಆಡಿದ ಆಟ ಅದು. ಅದರ ಯುದ್ಧದ ನಿಯಮ ಕೇಳಲು ಸುಲಭ. ಪ್ರತಿ ಪಡೆಗೂ ಒಂದು ವೇಗದ ಅಂಕಿ. ಪ್ರತಿ ಸುತ್ತಿನಲ್ಲೂ ಹೆಚ್ಚು ವೇಗದ ಪಡೆ ಮೊದಲು ಆಡುತ್ತದೆ. ಸೇನಾಪತಿ, ಅಂದರೆ ಹೀರೋ, ಒಂದು ಸುತ್ತಿಗೆ ಒಂದೇ ಮಂತ್ರ ಹೇಳಬಹುದು, ಅದೂ ತನ್ನ ಯಾವುದಾದರೂ ಪಡೆಯ ಸರದಿ ಬಂದಾಗ.

ಕೊನೆಯ ವಾಕ್ಯ ಗಮನಿಸಿ. ಹೀರೋಗೆ ಸ್ವಂತ ವೇಗವಿಲ್ಲ. ಅವನು ತನ್ನ ಅತಿ ವೇಗದ ಪಡೆಯ ಬೆನ್ನೇರಿ ಮಂತ್ರ ಹೇಳುತ್ತಾನೆ. ಹೀಗಾಗಿ ಎಷ್ಟು ದೊಡ್ಡ ಮಾಂತ್ರಿಕ ಎಂಬುದಕ್ಕಿಂತ, ಒಂದೇ ಒಂದು ಚುರುಕಾದ ಪ್ರಾಣಿ ಯಾರ ಕಡೆ ಇದೆ ಎಂಬುದು ಯುದ್ಧ ತೀರ್ಮಾನಿಸುತ್ತದೆ. ಆರ್ಚ್‌ಏಂಜಲ್‌ನ ವೇಗ 18. ಅದೇ ವರ್ಷ ಬಂದ ಹೆಚ್ಚುವರಿ ಕಂತಿನ ಫೀನಿಕ್ಸ್ ಹಕ್ಕಿಯದು 21. ವೇಗಕ್ಕೆ ಒಂದೋ ಎರಡೋ ಅಂಕ ಸೇರಿಸುವ ಹಾರ, ಉಂಗುರ, ಮೇಲಂಗಿಗಳಿಗಾಗಿ ಆಡುವವರು ನಕ್ಷೆಯಲ್ಲಿ ಯುದ್ಧ ಮಾಡುತ್ತಿದ್ದರು. ಮೊದಲ ಮಂತ್ರ ಸಿಕ್ಕವರು ಎದುರು ಸೇನೆಯನ್ನೆಲ್ಲ ಒಮ್ಮೆಗೇ ನಿಧಾನಗೊಳಿಸುವ ಮಂತ್ರ ಹೇಳಿದರೆ ಆ ಸೇನೆಯ ವೇಗ ಅರ್ಧಕ್ಕಿಳಿಯುತ್ತದೆ. ಆಮೇಲಿನ ಸುತ್ತುಗಳಲ್ಲೂ ಅವರೇ ಮೊದಲು. ಒಮ್ಮೆ ಗೆದ್ದ ಕ್ರಮ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ.

ಇನ್ನೂ ಸೂಕ್ಷ್ಮವಾದದ್ದು ‘ಕಾಯುವ’ ಗುಂಡಿ. ಸರದಿ ಬಂದಾಗ ಆಡದೆ ಕಾಯಬಹುದು. ಕಾದ ಪಡೆಗಳು ಸುತ್ತಿನ ಕೊನೆಯಲ್ಲಿ ಆಡುತ್ತವೆ, ಆದರೆ ತಿರುಗುಮುರುಗಾಗಿ: ನಿಧಾನದವು ಮೊದಲು, ಅತಿ ವೇಗದ್ದು ಎಲ್ಲಕ್ಕಿಂತ ಕೊನೆಗೆ. ಈಗ ಫೀನಿಕ್ಸ್ ಇಟ್ಟುಕೊಂಡವರ ಲಾಭ ನೋಡಿ. ಮೊದಲ ಸುತ್ತಿನಲ್ಲಿ ಕಾಯುತ್ತಾರೆ. ಎದುರಾಳಿ ತನ್ನ ಮಂತ್ರವನ್ನೂ ನಡೆಗಳನ್ನೂ ಬಿಚ್ಚಿ ತೋರಿಸಿ ಆಗುತ್ತದೆ. ಸುತ್ತಿನ ಕಟ್ಟಕಡೆಗೆ ಇವರ ಮಂತ್ರ. ತಕ್ಷಣ ಹೊಸ ಸುತ್ತು ಶುರು, ಅತಿ ವೇಗದವರು ಇವರೇ ಆದ್ದರಿಂದ ಮತ್ತೆ ಇವರದೇ ಮಂತ್ರ. ನಡುವೆ ಎದುರಾಳಿಗೆ ಒಂದು ಉಸಿರಿಗೂ ಎಡೆಯಿಲ್ಲದೆ ಎರಡು ಮಂತ್ರ ಬಿದ್ದಾಯಿತು. ನಿಯಮದ ಪ್ರಕಾರ ಇಬ್ಬರಿಗೂ ಸುತ್ತಿಗೆ ಒಂದೇ ಮಂತ್ರ, ಎಲ್ಲಿಯೂ ಮೋಸವಿಲ್ಲ. ಆದರೂ ಏಟು ತಿಂದವರಿಗೆ ಇದು ಸಮಪಾಲು ಅನ್ನಿಸುವುದಿಲ್ಲ.

ಬೇರೆ ಆಟಗಳಲ್ಲೂ ಇದೇ ಭೂತ ಬೇರೆ ವೇಷದಲ್ಲಿ ಬಂತು. 1999ರ ‘ಏಜ್ ಆಫ್ ವಂಡರ್ಸ್’, 2005ರ ‘ಸಿವಿಲೈಸೇಶನ್ 4’ ಮೊದಲಾದವುಗಳಲ್ಲಿ ಎಲ್ಲರೂ ಒಟ್ಟಿಗೆ ಸರದಿ ಆಡುವ ಅನುಕೂಲವಿತ್ತು, ಕಾಯುವ ಬೇಸರ ತಪ್ಪಲೆಂದು. ಆದರೆ ಆ ‘ಒಟ್ಟಿಗೆ’ ಚೀಟಿ ಬರೆಯುವ ಒಟ್ಟಿಗೆ ಅಲ್ಲ; ಯಾರ ಬೆರಳು ಮೌಸ್ ಮೇಲೆ ಚುರುಕೋ ಅವರ ಸೇನೆ ಮೊದಲು. ಒಂದು ಸರದಿಯ ಕೊನೆಯ ಕ್ಷಣದಲ್ಲಿ ಆಡಿ, ಮುಂದಿನ ಸರದಿಯ ಮೊದಲ ಕ್ಷಣದಲ್ಲಿ ಮತ್ತೆ ಆಡಿದರೆ ಅಲ್ಲೂ ಜೋಡಿ ಏಟು. 2006ರಲ್ಲಿ ರಷ್ಯಾದ ನೈವಲ್ ಸಂಸ್ಥೆ ಕಟ್ಟಿದ ಹೀರೋಸ್‌ನ ಐದನೆಯ ಆಟ ಸುತ್ತುಗಳನ್ನೇ ತೆಗೆದು, ಹೀರೋನನ್ನೂ ಪಡೆಗಳ ಸಾಲಿನಲ್ಲೇ ನಿಲ್ಲಿಸಿತು. ಮುಂದೆ ಯಾರ ಸರದಿ ಎಂಬುದು ಪರದೆಯ ಕೆಳಗೆ ಮೆರವಣಿಗೆಯಂತೆ ಕಾಣುತ್ತದೆ. ಫೀನಿಕ್ಸ್ ಬೆನ್ನೇರುವ ಉಪಾಯ ಅಲ್ಲಿಗೆ ಮುಗಿಯಿತು.

ತಿಂಗಳಿಗೊಂದು ತೀರ್ಪು

ಪ್ರಷ್ಯಾದ ಚೀಟಿಯನ್ನು ಪೂರ್ತಿಯಾಗಿ ಮರಳಿ ತಂದದ್ದು ಸ್ವೀಡನ್ನಿನ ಇಬ್ಬರು. ಯೋಹಾನ್ ಕಾರ್ಲ್‌ಸನ್ ಮತ್ತು ಕ್ರಿಸ್ಟೋಫರ್ ಓಸ್ಟರ್‌ಮನ್, ‘ಇಲ್‌ವಿಂಟರ್’ ಎಂಬ ಹೆಸರಿನಲ್ಲಿ ಕಟ್ಟುತ್ತ ಬಂದಿರುವ ‘ಡೊಮಿನಿಯನ್ಸ್’ ಸರಣಿಯ ಮೂರನೆಯ ಆಟ 2006ರಲ್ಲಿ ಬಂತು, ಆರನೆಯದು 2024ರಲ್ಲಿ. ಒಂದು ಸರದಿಯೆಂದರೆ ಆ ಲೋಕದ ಒಂದು ತಿಂಗಳು. ಎಲ್ಲ ರಾಷ್ಟ್ರದವರೂ ತಮ್ಮ ಆಜ್ಞೆಗಳನ್ನು ಬರೆದಿಟ್ಟು ಕಳಿಸುತ್ತಾರೆ. ಬೇಕಿದ್ದರೆ ಈ ಪತ್ರ ನಿಮಗೆ ಬಂದ ಹಾಗೆಯೇ, ಇಮೇಲಿನಲ್ಲಿ. ಕಂಪ್ಯೂಟರ್ ಎಲ್ಲವನ್ನೂ ಕೂಡಿಸಿ ಆ ತಿಂಗಳು ಏನಾಯಿತೆಂದು ಹೇಳುತ್ತದೆ. ಯುದ್ಧವನ್ನು ಕೂಡ ನೀವು ನಡೆಸುವುದಿಲ್ಲ. ಮಾಂತ್ರಿಕನಿಗೆ ಹೆಚ್ಚೆಂದರೆ ಮೊದಲ ಐದು ಕೆಲಸಗಳನ್ನು ಹೇಳಿ ಕಳಿಸಬಹುದು. ಆರನೆಯದರಿಂದ ಅವನ ಬುದ್ಧಿ ಅವನದು. ಆಮೇಲೆ ನೀವು ಸಿನಿಮಾ ನೋಡುವವರ ಹಾಗೆ ಕೂತು ನೋಡಬೇಕಷ್ಟೆ.

ಇಲ್ಲಿ ಮೊದಲ ಆಟಗಾರ ಎಂಬುವನೇ ಇಲ್ಲ. ಆದರೆ ತಿಂಗಳೊಳಗೆ ಕೆಲಸಗಳಿಗೆ ಕ್ರಮವಿದೆ: ದೂರಕ್ಕೆ ಬೀಳುವ ಮಹಾಮಂತ್ರಗಳು ಮೊದಲು, ಸೇನೆಗಳು ಹೆಜ್ಜೆ ಹಾಕುವುದು ಆಮೇಲೆ. ಈ ಒಂದು ಸಾಲಿನಿಂದ ಒಂದು ಇಡೀ ಯುದ್ಧವಿದ್ಯೆ ಹುಟ್ಟಿಕೊಂಡಿದೆ. ಎದುರಾಳಿಯ ಸೇನೆ ಈ ತಿಂಗಳು ನಿಮ್ಮ ನಗರದ ಕಡೆ ಹೊರಡಲಿದೆ ಎಂದು ಅನುಮಾನವೇ? ಅದರ ನಾಯಕನ ಮೇಲೆ ದೂರದಿಂದಲೇ ಮಣ್ಣಿನ ಭೂತವನ್ನು ಬಿಡಿ. ಮಂತ್ರ ಮೊದಲು, ಪಯಣ ಆಮೇಲೆ. ನಾಯಕ ಸತ್ತರೆ ಅವನ ಸೈನಿಕರು ಇದ್ದಲ್ಲೇ ಉಳಿಯುತ್ತಾರೆ. ಗಾಳಿಯಲ್ಲಿ ಹಾರಿ ಇಳಿಯುವ ಮಂತ್ರ ಬಲ್ಲ ಮಾಂತ್ರಿಕ, ಕಾಲ್ನಡಿಗೆಯ ಸೇನೆಗಿಂತ ಮೊದಲು ಶತ್ರುವಿನ ಪ್ರಾಂತ್ಯ ಮುಟ್ಟುತ್ತಾನೆ. ಅಲ್ಲಿ ಒಂದು ಯುದ್ಧ ನಡೆಯುತ್ತದೆ. ಶತ್ರುವಿನ ಮಾಂತ್ರಿಕರು ಆ ಸಣ್ಣ ಯುದ್ಧದಲ್ಲೇ ತಮ್ಮ ಬೆಲೆಬಾಳುವ ಮಂತ್ರದ ಹರಳುಗಳನ್ನು ಖರ್ಚು ಮಾಡಿಬಿಡುತ್ತಾರೆ. ಅದೇ ತಿಂಗಳು, ಹೆಜ್ಜೆಯ ಹಂತದಲ್ಲಿ, ನಿಮ್ಮ ದೊಡ್ಡ ಸೇನೆ ಬಂದಾಗ ಅವರ ಜೋಳಿಗೆ ಬರಿದು.

ಮಧ್ಯಸ್ಥ ಹೀಗೆ ಯಂತ್ರದೊಳಗೆ ಹೋಗಿ ಕೂತಿದ್ದಾನೆ. ಪ್ರಷ್ಯಾದ ಮಧ್ಯಸ್ಥನ ಮುಖ ನೋಡಬಹುದಿತ್ತು, ಯಾಕೆ ಹೀಗೆ ತೀರ್ಮಾನಿಸಿದಿರಿ ಎಂದು ಕೇಳಬಹುದಿತ್ತು. ಯಂತ್ರವನ್ನು ಕೇಳಲಾಗುವುದಿಲ್ಲ. ಆದ್ದರಿಂದಲೇ ಇಂಥ ಆಟಗಳಲ್ಲಿ ಒಂದು ಸರದಿಯೊಳಗೆ ಯಾವುದರ ನಂತರ ಯಾವುದು ಎಂಬ ಪಟ್ಟಿಯನ್ನು ಆಡುವವರು ಕಂಠಪಾಠ ಮಾಡುತ್ತಾರೆ. ಪಟ್ಟಿಯ ಒಂದು ಸಾಲು ಅಸ್ಪಷ್ಟವಾಗಿದ್ದರೆ ತಾವೇ ಪ್ರಯೋಗ ನಡೆಸಿ ಪತ್ತೆ ಹಚ್ಚುತ್ತಾರೆ. ವಾರಗಟ್ಟಲೆ ನಡೆಯುವ ಆಟದಲ್ಲಿ, ಗೊತ್ತಿಲ್ಲದ ಕ್ರಮದಿಂದ ಸೋತವರಿಗೆ ಆಗುವ ಸಂಕಟ ಗೊತ್ತಿರುವ ಕ್ರಮದಿಂದ ಸೋತವರಿಗೆ ಆಗುವುದಿಲ್ಲ.

ಕಾಗೆಗೆ ಹಾಲೂ ಗುಬ್ಬಿಗೆ ನೀರೂ

ಇಷ್ಟು ದಾರಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಇವುಗಳಲ್ಲಿ ಯಾವುದೂ ಮೇಲುಗೈಯನ್ನು ಅಳಿಸಲಿಲ್ಲ. ಎಲ್ಲವೂ ಅದನ್ನು ಇಲ್ಲಿಂದ ತೆಗೆದು ಅಲ್ಲಿಟ್ಟವು. ಸರದಿ ಪದ್ಧತಿಯಲ್ಲಿ ಮೊದಲ ನಡೆ ಸಿಕ್ಕವರಿಗೆ, ಸ್ಟ್ಯಾಕಿನಲ್ಲಿ ಕೊನೆಯ ಮಾತು ಉಳಿಸಿಕೊಂಡವರಿಗೆ, ಹೀರೋಸ್‌ನಲ್ಲಿ ವೇಗದ ಪ್ರಾಣಿ ಸಾಕಿದವರಿಗೆ, ಬಾರ್ಟಲ್‌ನ ಆಟದಲ್ಲಿ ಎದುರಾಳಿಯ ಮನಸ್ಸು ಓದಿದವರಿಗೆ, ಡೊಮಿನಿಯನ್ಸ್‌ನಲ್ಲಿ ಪಟ್ಟಿಯನ್ನು ಚೆನ್ನಾಗಿ ಓದಿಕೊಂಡವರಿಗೆ. ಯಾವ ಗುಣಕ್ಕೆ ಬಹುಮಾನ ಸಿಗಬೇಕು ಎಂದು ಆರಿಸುವುದಷ್ಟೇ ನಿಯಮ ಬರೆಯುವವರ ಕೈಲಿರುವುದು: ಅದೃಷ್ಟಕ್ಕೋ, ತಾಳ್ಮೆಗೋ, ಸಿದ್ಧತೆಗೋ, ಊಹೆಗೋ, ಓದಿಗೋ.

ಈ ಆಯ್ಕೆ ಎಲ್ಲರಿಗೂ ಒಂದೇ ಸಮ ಹಿಡಿಸುವುದಿಲ್ಲ, ಹಿಡಿಸಬೇಕಾಗಿಯೂ ಇಲ್ಲ. ಆದರೆ ಎರಡು ಬಗೆಯ ಸೋಲುಗಳ ನಡುವಿನ ವ್ಯತ್ಯಾಸ ಆಡಿದವರಿಗೆಲ್ಲ ಗೊತ್ತು. ಎದುರಾಳಿಯ ಫೀನಿಕ್ಸ್ ಕಂಡೂ ಯುದ್ಧಕ್ಕೆ ಹೋಗಿ ಸೋತರೆ, ಮುಂದಿನ ಸಲ ವೇಗದ ಉಂಗುರ ಹುಡುಕಿಕೊಂಡೇ ಬರುತ್ತೇನೆ ಎಂದು ಎದ್ದುಬರಬಹುದು. ಮೊದಲು ಯಾರದೆಂದು ಬರೆದೇ ಇಲ್ಲದ, ಬರೆದದ್ದೂ ಕಾಣದ ಆಟದಲ್ಲಿ ಸೋತವರು ಗೆದ್ದವನನ್ನಲ್ಲ, ಆಟವನ್ನೇ ಬಿಡುತ್ತಾರೆ. ಹಾಗೆ ಬಿಟ್ಟವರು ಮತ್ತೆ ಕೂಡುವುದು ಕಡಿಮೆ.

ನಮ್ಮಲ್ಲಿ ಮಕ್ಕಳು ಇದನ್ನು ಪುಸ್ತಕವಿಲ್ಲದೆ ಕಲಿತಿರುತ್ತಾರೆ. ಕ್ರಿಕೆಟ್ ಶುರುವಾಗುವ ಮೊದಲೇ, ಬ್ಯಾಟಿನ ಹಿಂದೆ ಮುಚ್ಚಿಟ್ಟ ಗೆರೆಗಳ ಮೇಲೆ ಒಬ್ಬೊಬ್ಬರಾಗಿ ಬೆರಳಿಟ್ಟು ಬ್ಯಾಟಿಂಗಿನ ಸಾಲು ನಿಗದಿ ಮಾಡಿಕೊಳ್ಳುತ್ತಾರೆ. ಒಂಬತ್ತನೆಯ ನಂಬರು ಬಂದವನು ಗೊಣಗುತ್ತಾನೆ, ಆದರೆ ಫೀಲ್ಡಿಂಗಿಗೆ ಹೋಗಿ ನಿಲ್ಲುತ್ತಾನೆ. ಅವನಿಗೆ ಸಿಕ್ಕ ಜಾಗ ಸಮವಲ್ಲ. ಸಿಕ್ಕ ಬಗೆ ಎಲ್ಲರ ಕಣ್ಣೆದುರಿಗೆ, ಆಟಕ್ಕೆ ಮುಂಚೆ ಆದದ್ದು. ಬೆಂಕಿಯ ಉಂಡೆಯೂ ರಕ್ಷಾಕವಚವೂ ಕೇಳುತ್ತಿರುವುದು ಅಷ್ಟನ್ನೇ.